ಹಾರ್ಟ್ ಆಪರೇಷನ್‌ಗೆ ಕಾಯುವಾಗಿನ ಸುಸ್ತು, ಸಿಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಟ್ರಲ್ ವಾಲ್ವ್ ಬದಲಿಸಲೇಬೇಕು ಎಂದು ಡಾಕ್ಟರು ಹೇಳಿದ ದಿನದಿಂದ ಆಪರೇಷನ್ ಆದ ದಿನದವರೆಗೆ ನಾನು 17 ವಾರ ಕಾದೆ. ಎರಡು ಸಲ ತಾರೀಖು ಮುಂದಕ್ಕೆ ಹೋಯಿತು. ತಿಪಟೂರು ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರ್. ಈಗ ಸುತ್ತಮುತ್ತ ಯಾರಿಗಾದರೂ ಹಾರ್ಟ್ ಆಪರೇಷನ್ ಎಂದರೆ ನನಗೊಂದು ಫೋನ್ ಬರುತ್ತದೆ. ಆಪರೇಷನ್ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. "ಅಲ್ಲೀತನಕ ಹೇಗೆ ತಡೆದುಕೊಂಡ್ರಿ ಟೀಚರೇ?" ಎಂದು ಕೇಳುವವರೇ ಜಾಸ್ತಿ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ, ವ್ಯಾಯಾಮ, ನೀರಿನ ಅಳತೆ ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತವೆ. ಅವನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಏನೂ ಕೆಲಸ ಮಾಡದೆ ಕೂತಿದ್ದರೂ ಯಾಕಿಷ್ಟು ಸುಸ್ತು? ನಾನು ಸೋಮಾರಿಯಾಗಿಬಿಟ್ಟೆನಾ?

ಇಲ್ಲ. ಈ ಪ್ರಶ್ನೆಯನ್ನು ನಾನೂ ನನಗೇ ನೂರು ಸಲ ಕೇಳಿಕೊಂಡಿದ್ದೇನೆ. ಅದಕ್ಕೇ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಟ್ರಲ್ ವಾಲ್ವ್ ಎಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು. ಚೆನ್ನಾಗಿರುವವರಲ್ಲಿ ಅದು ತೆರೆದಾಗ 4ರಿಂದ 6 ಚದರ ಸೆಂಟಿಮೀಟರ್ ಜಾಗ ಇರುತ್ತದೆ. ನನ್ನದು 0.9ಕ್ಕೆ ಇಳಿದಿತ್ತು. ಚಿಕ್ಕವಳಿದ್ದಾಗ ಗಂಟಲು ನೋವು, ಆಮೇಲೆ ಕೀಲುಗಳಲ್ಲಿ ಊತ ಬಂದಿತ್ತಂತೆ. ಅದು ರುಮ್ಯಾಟಿಕ್ ಜ್ವರ. ಆಗ ಯಾರಿಗೂ ಗೊತ್ತಾಗಲಿಲ್ಲ. ಹಾಗೆ ಬಂದ ಜ್ವರ ವಾಲ್ವ್ ಮೇಲೆ ಗಾಯದ ಗುರುತು ಬಿಟ್ಟು ಹೋಗುತ್ತದೆ. ವರ್ಷ ಕಳೆದಂತೆ ವಾಲ್ವ್ ಗಟ್ಟಿಯಾಗಿ ಕಿರಿದಾಗುತ್ತದೆ.

ಕೆರೆಯ ತೂಬು ಅರ್ಧ ಮುಚ್ಚಿಕೊಂಡರೆ ಏನಾಗುತ್ತದೆ? ಕೆಳಗಿನ ಗದ್ದೆಗೆ ನೀರು ಸಾಲುವುದಿಲ್ಲ, ಮೇಲೆ ನೀರು ನಿಲ್ಲುತ್ತದೆ. ಇಲ್ಲೂ ಅಷ್ಟೇ. ಕೈಕಾಲಿಗೆ ರಕ್ತ ಸಾಲದೆ ಸುಸ್ತು ಬರುತ್ತದೆ. ಹಿಂದೆ ಶ್ವಾಸಕೋಶದ ಕಡೆ ರಕ್ತ ನಿಂತು ಏದುಸಿರು ಬರುತ್ತದೆ. ನಿಮಗೆ ಬೈಪಾಸ್ ಆಗಬೇಕಿದ್ದರೆ ಕಾರಣ ಬೇರೆ: ಹೃದಯದ ಸ್ನಾಯುವಿಗೇ ರಕ್ತ ಹೋಗುವ ನಾಳಗಳು ಕಟ್ಟಿಕೊಂಡಿರುತ್ತವೆ. ಸುಸ್ತು ಮಾತ್ರ ಇಬ್ಬರಿಗೂ ನಿಜ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನೀವು ಸುಮ್ನೆ ಕೂತಿದ್ದೀರಿ ಎಂದು ಜನ ಅಂದುಕೊಂಡಾಗಲೂ ಅದು ಕಷ್ಟಪಟ್ಟು ದುಡಿಯುತ್ತಲೇ ಇರುತ್ತದೆ.

ಆಪರೇಷನ್ ಆಗುವ ತನಕ ಈ ಸುಸ್ತಿಗೆ ಬೇರೆ ದಾರಿಯೇ ಇಲ್ವಾ?

ಪೂರ್ತಿ ಹೋಗುವುದಿಲ್ಲ. ಆದರೆ ಎಲ್ಲ ಸುಸ್ತೂ ಹೃದಯದ್ದೇ ಅಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಶುಗರ್ ಏರಿಳಿತ ಇರಬಹುದು. ಇವನ್ನು ಸರಿ ಮಾಡಬಹುದು. ನನಗೆ ಹಿಮೋಗ್ಲೋಬಿನ್ 9 ಇತ್ತು. ಅದಕ್ಕೆ ಚಿಕಿತ್ಸೆ ಕೊಟ್ಟ ಮೇಲೆ ಬೆಳಗಿನ ಹೊತ್ತಾದರೂ ತಲೆ ಎತ್ತುವ ಹಾಗಾಯಿತು.

ಕೆಲವು ಮಾತ್ರೆಗಳಿಂದಲೂ ಸುಸ್ತಾಗುತ್ತದೆ. ಎದೆಬಡಿತ ನಿಧಾನ ಮಾಡುವ ಮಾತ್ರೆ ಶುರುವಾದ ಹೊಸದರಲ್ಲಿ ಮೈ ಭಾರ ಅನಿಸುತ್ತದೆ. ಹಾಗಂತ ನೀವಾಗಿ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಬಡಿತ ಏರಿ ಅಪಾಯವಾಗುತ್ತದೆ. ಡಾಕ್ಟರ್‌ಗೆ ಹೇಳಿದರೆ ಪ್ರಮಾಣವನ್ನೋ ಹೊತ್ತನ್ನೋ ಬದಲಿಸುತ್ತಾರೆ.

ಇನ್ನು ನಿದ್ದೆ. ಮೂತ್ರ ಹೋಗುವ ಮಾತ್ರೆಯನ್ನು ಸಂಜೆ ತಗೊಂಡರೆ ರಾತ್ರಿಯಿಡೀ ಏಳುವುದೇ ಕೆಲಸ. ಎರಡನೇ ಮಾತ್ರೆಯನ್ನು ಮಧ್ಯಾಹ್ನಕ್ಕೆ ಬದಲಿಸಬಹುದಾ ಎಂದು ನಾನು ಕೇಳಿದೆ, ಒಪ್ಪಿದರು. ಅಷ್ಟಕ್ಕೇ ಎರಡು ಗಂಟೆ ನಿದ್ದೆ ವಾಪಸ್ ಸಿಕ್ಕಿತು. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಎರಡು ಮೂರು ದಿಂಬು ಇಟ್ಟು ಬೆನ್ನು ಎತ್ತರ ಮಾಡಿಕೊಳ್ಳಿ. ಎಷ್ಟು ದಿಂಬು ಬೇಕಾಯಿತು ಎನ್ನುವುದನ್ನೂ ಡಾಕ್ಟರ್‌ಗೆ ಹೇಳಿ. ಅವರಿಗೆ ಅದು ತುಂಬಾ ಮುಖ್ಯ.

ಮನೆಕೆಲಸ ಮಾಡಬಹುದಾ? ಒಂದು ದಿನ ಚೆನ್ನಾಗಿರುತ್ತೇನೆ, ಮಾರನೇ ದಿನ ಏಳೋಕೇ ಆಗಲ್ಲ.

ಚೆನ್ನಾಗಿರುವ ದಿನವೇ ಮೋಸ ಮಾಡುವುದು. ಮೈ ಹಗುರ ಅನಿಸಿತು ಎಂದು ನಾನೊಮ್ಮೆ ಬಟ್ಟೆ ಒಗೆದು, ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ. ಆಮೇಲೆ ಮೂರು ದಿನ ಹಾಸಿಗೆ. ಆವತ್ತಿನಿಂದ ದಿನಕ್ಕೆ ಒಂದೇ ದೊಡ್ಡ ಕೆಲಸ ಎಂದು ಕಟ್ಟು ಹಾಕಿಕೊಂಡೆ. ತಲೆಸ್ನಾನ ಇದ್ದ ದಿನ ಅದೇ ದೊಡ್ಡ ಕೆಲಸ. ಬ್ಯಾಂಕಿಗೆ ಹೋದ ದಿನ ಅಡಿಗೆ ಇಲ್ಲ.

ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಳ್ಳಿ. ಬಿಸಿನೀರು ತೀರಾ ಜಾಸ್ತಿ ಬೇಡ. ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು ಎಲ್ಲಾ ಕೂತೇ ಆಗಲಿ. ಊಟದ ಮೇಲೆ ಒಂದು ಗಂಟೆ ಬಿಡುವು ಇರಲಿ. ಬಿಂದಿಗೆ, ಸಿಲಿಂಡರ್, ತೆಂಗಿನಕಾಯಿ ಮೂಟೆ ಮುಟ್ಟಲೇಬೇಡಿ. ಸುಸ್ತಾದ ಮೇಲೆ ಕೂರುವುದಕ್ಕಿಂತ ಸುಸ್ತಾಗುವ ಮುಂಚೆಯೇ ಕೂತರೆ ದಿನ ಪೂರ್ತಿ ಉಳಿಯುತ್ತದೆ. ಇದು ಅಭ್ಯಾಸವಾಗಲು ನನಗೆ ಒಂದು ತಿಂಗಳು ಬೇಕಾಯಿತು.

ವಾಕಿಂಗ್ ಹೋಗಬಹುದಾ?

ನಿಮ್ಮ ಡಾಕ್ಟರ್ ಹೂಂ ಎಂದರೆ ಮಾತ್ರ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಮಹಾಪಧಮನಿಯ ವಾಲ್ವ್ ತೀರಾ ಕಿರಿದಾಗಿದ್ದರೆ, ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎಡಗಡೆಯ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದರೆ ಶ್ರಮವೇ ಅಪಾಯ. ನಡೆಯಲು ಹೇಳಿದ್ದರೆ, ಪಕ್ಕದವರ ಜೊತೆ ಮಾತಾಡುತ್ತಾ ಹೋಗುವಷ್ಟು ನಿಧಾನ ಇರಲಿ. ಮಾತು ತುಂಡಾಗುತ್ತಿದೆ ಎಂದರೆ ನಿಲ್ಲಿ.

ನನಗಿಂತ ಆಮೇಲೆ ಬಂದವರಿಗೆ ಮೊದಲು ಆಪರೇಷನ್ ಆಯಿತು. ಇದು ಯಾವ ನ್ಯಾಯ?

ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು, ಒಪಿಡಿ ಮುಂದೆಯೇ ಅತ್ತಿದ್ದೆ. ಆದರೆ ಹೃದಯದ ಆಪರೇಷನ್ ಪಟ್ಟಿ ರೇಷನ್ ಅಂಗಡಿ ಸಾಲಿನ ಥರ ನಡೆಯುವುದಿಲ್ಲ. ಯಾರ ಹೃದಯ ಹೆಚ್ಚು ಕಾಯಲಾರದೋ ಅವರು ಮೊದಲು.

ಇಲ್ಲಿ ನನ್ನ ತಪ್ಪೂ ಒಂದಿತ್ತು. ಇಡೀ ಪುಟದಲ್ಲಿ ಇದೊಂದನ್ನು ಮಾತ್ರ ದಯವಿಟ್ಟು ನೆನಪಿಡಿ. ಪ್ರತಿ ಸಲ ಡಾಕ್ಟರು "ಹೇಗಿದ್ದೀರಮ್ಮಾ?" ಎಂದು ಕೇಳಿದಾಗ ನಾನು "ಪರವಾಗಿಲ್ಲ ಸಾರ್" ಎನ್ನುತ್ತಿದ್ದೆ. ನಮ್ಮ ಕಡೆ ಹಾಗೇ ಅಲ್ವಾ? ಯಾರು ಕೇಳಿದರೂ ಪರವಾಗಿಲ್ಲ. ಡಾಕ್ಟರು ಸುಸ್ತನ್ನು ನಾಲ್ಕು ದರ್ಜೆ ಮಾಡಿ ನೋಡುತ್ತಾರೆ. ದಿನನಿತ್ಯದ ಕೆಲಸಕ್ಕೆ ತೊಂದರೆಯೇ ಇಲ್ಲದಿದ್ದರೆ ಒಂದು. ಅದೇ ಕೆಲಸಕ್ಕೆ ಸುಸ್ತು, ಏದುಸಿರು ಬಂದರೆ ಎರಡು. ಸ್ವಲ್ಪ ಕೆಲಸಕ್ಕೇ ಆದರೆ ಮೂರು. ಸುಮ್ನೆ ಕೂತಾಗಲೂ ಇದ್ದರೆ ನಾಲ್ಕು. ನಾನು ಮೂರನೆಯದಕ್ಕೆ ಜಾರಿದ್ದೆ. ನನ್ನ "ಪರವಾಗಿಲ್ಲ" ಕೇಳಿ ಅವರು ಎರಡು ಎಂದು ಬರೆದುಕೊಳ್ಳುತ್ತಿದ್ದರು.

ಹೀಗೆ ಹೇಳಿ ನೋಡಿ: "ಹೋದ ತಿಂಗಳು ಬಸ್ ಸ್ಟ್ಯಾಂಡ್‌ವರೆಗೆ ನಿಲ್ಲದೆ ನಡೆಯುತ್ತಿದ್ದೆ, ಈಗ ಎರಡು ಕಡೆ ನಿಲ್ಲುತ್ತೇನೆ. ಒಂದು ದಿಂಬು ಸಾಕಿತ್ತು, ಈಗ ಮೂರು ಬೇಕು." ಇದರಲ್ಲಿ ಗೋಗರೆಯುವುದು ಏನೂ ಇಲ್ಲ. ಪಟ್ಟಿ ಮಾಡುವವರಿಗೆ ಬೇಕಾದ ಮಾಹಿತಿಯೇ ಇದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದ ಮೇಲೆ ಅವರು ಮತ್ತೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು, ನನ್ನ ಸರದಿಯೂ ಬದಲಾಯಿತು.

ತಾರೀಖು ಕೊಟ್ಟು ಮುಂದಕ್ಕೆ ಹಾಕಿದರು. ತಡೆದುಕೊಳ್ಳೋಕೆ ಆಗ್ತಿಲ್ಲ.

ಇದು ನಿಜವಾಗಲೂ ಕ್ರೂರ ಅನಿಸುತ್ತದೆ. ಮೊದಲ ಸಲ ನಾನು ಅಡ್ಮಿಟ್ ಆಗಿ, ರಾತ್ರಿಯಿಂದ ಉಪವಾಸ ಇದ್ದು, ಹಸಿರು ಗೌನ್ ಹಾಕಿಕೊಂಡು ಕೂತಿದ್ದೆ. ಮಧ್ಯಾಹ್ನ 12ಕ್ಕೆ ಸಿಸ್ಟರ್ ಬಂದು ಇವತ್ತು ಆಗುವುದಿಲ್ಲ ಎಂದರು. ರಾತ್ರಿ ಒಂದು ಎಮರ್ಜೆನ್ಸಿ ಬಂದು ಐಸಿಯು ಬೆಡ್ ಖಾಲಿ ಇರಲಿಲ್ಲ. ತಾಯಿಗೆ ಫೋನ್ ಮಾಡಿ ಹೇಳುವಾಗ ಮಾತೇ ಹೊರಡಲಿಲ್ಲ. ಎರಡನೇ ಸಲ ನನಗೇ ಕೆಮ್ಮು, ಜ್ವರ. ಎದೆ ತೆರೆಯುವ ಆಪರೇಷನ್‌ಗೆ ಶೀತವೂ ದೊಡ್ಡ ವಿಷಯ. ಆಪರೇಷನ್ ಆದ ಮೇಲೆ ಚೆನ್ನಾಗಿ ಕೆಮ್ಮಿ ಕಫ ತೆಗೆಯಬೇಕು, ಶ್ವಾಸಕೋಶ ಶುದ್ಧವಾಗಿರಬೇಕು.

ಎಲ್ಲೆಡೆ ಸಾಮಾನ್ಯವಾಗಿ ಇರುವ ಕಾರಣಗಳು ಇವೇ: ಎಮರ್ಜೆನ್ಸಿ, ಐಸಿಯು ಬೆಡ್, ರಕ್ತ ಸಿಗದಿರುವುದು, ಶುಗರ್ ಜಾಸ್ತಿ, ಸೋಂಕು, ಖರ್ಚು ಕೊಡುವ ಸರ್ಕಾರಿ ಯೋಜನೆಯ ಒಪ್ಪಿಗೆ ಬರದಿರುವುದು. ಇವುಗಳಲ್ಲಿ ಕೊನೆಯ ಮೂರರಲ್ಲಿ ನಿಮ್ಮ ಕೈಲಾಗುವುದು ಸ್ವಲ್ಪ ಇದೆ. ಮೊದಲಿನವುಗಳಲ್ಲಿ ಹೆಚ್ಚೇನೂ ಇಲ್ಲ. ಮುಂದಕ್ಕೆ ಹಾಕಿದಾಗ ಮೂರು ವಿಷಯ ಕೇಳಿಕೊಂಡೇ ಬನ್ನಿ. ಕಾರಣ ಏನು? ಮುಂದಿನ ತಾರೀಖಿಗೆ ಯಾರನ್ನು, ಯಾವ ನಂಬರಿನಲ್ಲಿ ಕೇಳಬೇಕು? ಅಲ್ಲಿಯವರೆಗೆ ಯಾವ ಮಾತ್ರೆ ಮತ್ತೆ ಶುರು ಮಾಡಬೇಕು? ಮೂರನೆಯದನ್ನು ಮರೆಯಲೇಬೇಡಿ. ಆಪರೇಷನ್‌ಗೆಂದು ನಿಲ್ಲಿಸಿದ ರಕ್ತ ತೆಳು ಮಾಡುವ ಮಾತ್ರೆಯನ್ನು ಹಾಗೇ ಬಿಟ್ಟುಬಿಟ್ಟರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು.

ಬೇರೆ ಕಡೆ ವಿಚಾರಿಸುವುದರಲ್ಲಿ ತಪ್ಪಿಲ್ಲ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆ ಮೈಸೂರು, ಕಲಬುರಗಿಯಲ್ಲೂ ಇದೆ. ಹೊಸ ಜಾಗದಲ್ಲಿ ಪರೀಕ್ಷೆಗಳು ಮೊದಲಿನಿಂದ ಆಗಬಹುದು ಎನ್ನುವುದನ್ನೂ ಲೆಕ್ಕ ಹಾಕಿ. ರಿಪೋರ್ಟ್, ಆಂಜಿಯೋಗ್ರಾಮ್ ಸಿಡಿ ನಿಮ್ಮ ಹತ್ತಿರವೇ ಇರಲಿ.

ಮಕ್ಕಳ ಮೇಲೆ, ಮನೆಯವರ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಆಮೇಲೆ ಬೇಜಾರಾಗುತ್ತೆ.

ನಿದ್ದೆ ಇಲ್ಲ, ಉಸಿರಿಲ್ಲ, ನಾಳೆ ಏನು ಎಂದು ಗೊತ್ತಿಲ್ಲ. ಇಷ್ಟಿದ್ದೂ ಶಾಂತವಾಗಿರಿ ಎಂದು ಹೇಳುವವರ ಮಾತು ನನಗೆ ಇಷ್ಟವಾಗುತ್ತಿರಲಿಲ್ಲ, ನಿಮಗೂ ಹೇಳುವುದಿಲ್ಲ. ಒಂದು ವಿಷಯ ಮಾತ್ರ ತಿಳಿದಿರಲಿ. ಸಿಟ್ಟು ಬಂದಾಗ ಬಡಿತ ಜೋರಾಗುತ್ತದೆ. ವಾಲ್ವ್ ಕಿರಿದಾಗಿರುವವರಲ್ಲಿ ಬಡಿತ ಜೋರಾದಷ್ಟೂ ಕೋಣೆ ತುಂಬಿಕೊಳ್ಳಲು ಸಮಯ ಸಾಲುವುದಿಲ್ಲ, ರಕ್ತ ಶ್ವಾಸಕೋಶದ ಕಡೆ ನಿಲ್ಲುತ್ತದೆ. ಜಗಳದ ಕೊನೆಗೆ ಏದುಸಿರು ಬರುವುದು ಅದಕ್ಕೇ. ಅಂದರೆ ಸಿಟ್ಟಿನ ಖರ್ಚು ನಿಮ್ಮ ಸುಸ್ತಿನ ಲೆಕ್ಕಕ್ಕೇ ಬೀಳುತ್ತದೆ.

ನನಗೆ ನೆರವಾದದ್ದು ಮುಂಚೆಯೇ ಹೇಳಿಬಿಡುವುದು. "ಇವತ್ತು ನನಗೆ ಆಗ್ತಿಲ್ಲ, ಒಂದು ಗಂಟೆ ಯಾರೂ ಏನೂ ಕೇಳಬೇಡಿ" ಎಂದು ಹೇಳಿ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆ. ಮೂಗಿನಿಂದ ಉಸಿರು ಎಳೆದು, ದೀಪ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುತ್ತಿದ್ದೆ. ಐದು ನಿಮಿಷಕ್ಕೆ ಎದೆ ಸ್ವಲ್ಪ ಇಳಿಯುತ್ತಿತ್ತು. ರೇಗಿದ ಮೇಲೆ ಮಗಳನ್ನು ಕರೆದು, ಇದು ನಿನ್ನ ಮೇಲಿನ ಸಿಟ್ಟಲ್ಲ ಕಂದಾ ಎಂದು ಹೇಳಿದ್ದೂ ಉಂಟು. ಮಕ್ಕಳಿಗೆ ಅಷ್ಟು ಹೇಳಿದರೆ ಸಾಕು, ಅರ್ಥವಾಗುತ್ತದೆ.

ನೋಡೋಕೆ ಬಂದವರೆಲ್ಲ ಒಂದೊಂದು ಔಷಧಿ ಹೇಳುತ್ತಾರೆ. ಏನು ಮಾಡಲಿ?

ಪ್ರೀತಿಯಿಂದ ಹೇಳುತ್ತಾರೆ. ಕೇಳಿಸಿಕೊಳ್ಳಿ, ಕುಡಿಯಬೇಡಿ. ಹೊಳೆಮತ್ತಿ ಚಕ್ಕೆಯ ಕಷಾಯ, ಬೆಳ್ಳುಳ್ಳಿ ರಸ, ಇನ್ಯಾವುದೋ ಪುಡಿ, ಎಲ್ಲವನ್ನೂ ಡಾಕ್ಟರ್‌ಗೆ ತೋರಿಸಿದ ಮೇಲೆಯೇ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಇವು ಹೊಂದದೆ ಹೋಗಬಹುದು, ಆಪರೇಷನ್ ವೇಳೆ ರಕ್ತ ಜಾಸ್ತಿ ಹೋಗಬಹುದು. ಬಂದವರು ಎರಡು ಗಂಟೆ ಕೂತರೆ ನಿಮ್ಮ ಆ ದಿನ ಮುಗಿಯಿತು. ನಮ್ಮ ಮನೆಯವರು ಬಾಗಿಲಲ್ಲೇ "ಹತ್ತು ನಿಮಿಷ ಮಾತಾಡಿಸಿ" ಎಂದುಬಿಡುತ್ತಿದ್ದರು. ಯಾರೂ ಮುನಿಸಿಕೊಳ್ಳಲಿಲ್ಲ.

ಉಪ್ಪು, ನೀರು?

ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಭಾರವಾಗುತ್ತದೆ. ಸಾರಿನ ಉಪ್ಪಿಗಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ತಿಂಡಿ ಇವುಗಳ ಮೇಲೆ ಕಣ್ಣಿಡಿ. ನೀರಿನ ಅಳತೆ ಹೇಳಿದ್ದರೆ ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಅದರಲ್ಲೇ ಬರುತ್ತದೆ.

ರಾತ್ರಿ ಕೆಟ್ಟ ಯೋಚನೆಗಳು. ಯಾವುದರಲ್ಲೂ ಮನಸ್ಸಿಲ್ಲ. ಯಾರಿಗೆ ಹೇಳುವುದು?

ಮೊದಲು ಮನೆಯಲ್ಲಿ ಒಬ್ಬರಿಗೆ. ನಾನು ಧೈರ್ಯವಾಗಿರುವ ಹಾಗೆ ತೋರಿಸಿಕೊಳ್ಳುತ್ತಿದ್ದೆ, ಮನೆಯವರೂ ಹಾಗೇ. ಒಂದು ರಾತ್ರಿ ಮೂರು ಗಂಟೆಗೆ ಇಬ್ಬರಿಗೂ ಎಚ್ಚರವಿತ್ತು. "ನನಗೇನಾದರೂ ಆದರೆ ಮಗಳ ಓದು?" ಎಂದು ಕೇಳಿಯೇಬಿಟ್ಟೆ. ಅವರು ಅತ್ತರು, ನಾನೂ ಅತ್ತೆ. ಬೆಳಗ್ಗೆ ಬ್ಯಾಂಕ್ ಪಾಸ್‌ಬುಕ್, ಎಲ್‌ಐಸಿ ಬಾಂಡ್ ಎಲ್ಲಿದೆ ಎಂದು ತೋರಿಸಿದೆ. ಅಪಶಕುನ ಎನ್ನುತ್ತಾರೆ ಎಂದು ಹೆದರಿದ್ದೆ. ಆದರೆ ಆವತ್ತಿನಿಂದಲೇ ನಿದ್ದೆ ಬರತೊಡಗಿತು.

ಎರಡು ವಾರಕ್ಕೂ ಮೀರಿ ಮನಸ್ಸು ಕುಸಿದೇ ಇದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಇದೆ. ಬದುಕು ಬೇಡ ಎನಿಸಿದಾಗಲಂತೂ ಎರಡು ವಾರ ಕಾಯುವುದು ಬೇಡ, ಆಗಲೇ ಹೇಳಿ. ಹೃದಯದ ಡಾಕ್ಟರ್‌ಗೂ ಹೇಳಿ, ಅವರ ಮಾತ್ರೆಗೆ ಹೊಂದುವುದನ್ನೇ ಕೊಡಬೇಕಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಯಾವಾಗ ಮುಂದಿನ ತಾರೀಖಿಗೆ ಕಾಯಬಾರದು?

ಇದನ್ನು ಗೋಡೆಗೆ ಅಂಟಿಸಿ. ಕೂತಿದ್ದಾಗಲೇ ಎದೆನೋವು ಅಥವಾ ಎದೆ ಹಿಂಡಿದ ಹಾಗಾಗುವುದು. ಮಲಗಲು ಆಗದಷ್ಟು ಉಸಿರುಕಟ್ಟುವುದು. ಎಚ್ಚರ ತಪ್ಪುವುದು. ಬಡಿತ ಏರಿ ಇಳಿಯದೇ ಇರುವುದು. ಕಫದಲ್ಲಿ ರಕ್ತ ಕಾಣುವುದು. ಬಾಯಿ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಇವುಗಳಲ್ಲಿ ಯಾವುದಾದರೂ ಬಂದರೆ 108ಕ್ಕೆ ಫೋನ್ ಮಾಡಿ. ರಾತ್ರಿ ಎಂದು ಬೆಳಗಿನವರೆಗೆ ಕಾಯಬೇಡಿ.

ಇನ್ನೊಂದು ಇದೆ, ಇದು ಮೆಲ್ಲಗೆ ಬರುತ್ತದೆ. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಊಟದ ತೂಕ ಅಲ್ಲ, ನೀರು. ಕಾಲು ಊದಿಕೊಂಡಿದೆಯಾ ಎಂದೂ ನೋಡಿ, ಆವತ್ತೇ ಡಾಕ್ಟರ್‌ಗೆ ತಿಳಿಸಿ.

ಆಷಾಢ ಕಳೆಯಲಿ, ಅಮಾವಾಸ್ಯೆ ಬೇಡ ಎನ್ನುತ್ತಿದ್ದಾರೆ ಹಿರಿಯರು.

ನಮ್ಮತ್ತೆಯೂ ಅಂದಿದ್ದರು. ಅವರ ಭಯ ದೊಡ್ಡದು, ಅದನ್ನು ಬೈದು ಓಡಿಸಲಾಗದು. ಆದರೆ ಬಿಟ್ಟ ತಾರೀಖು ಮತ್ತೆ ಯಾವಾಗ ಸಿಗುತ್ತದೋ ಹೇಳಲು ಆಗುವುದಿಲ್ಲ. ನಾವು ಅತ್ತೆಯನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. "ಅಜ್ಜಿ, ಈ ವಾಲ್ವ್ ತಿಥಿ ನೋಡಲ್ಲ, ತಡ ಮಾಡಿದರೆ ಶ್ವಾಸಕೋಶವೂ ಕೆಡುತ್ತೆ" ಎಂದು ಅವರು ಕೈ ಹಿಡಿದು ಹೇಳಿದರು. ಅತ್ತೆ ದೇವರಿಗೆ ಮುಡಿಪು ಕಟ್ಟಿ ಒಪ್ಪಿಕೊಂಡರು.

ನಮ್ಮ ಅಪ್ಪ ಕಾಯುತ್ತಿದ್ದಾರೆ. ನಾವೇನು ಮಾಡಬೇಕು?

ಅವರ "ಪರವಾಗಿಲ್ಲ"ವನ್ನು ನಂಬಬೇಡಿ. ಮೆಟ್ಟಿಲ ನಡುವೆ ನಿಲ್ಲುತ್ತಾರಾ, ಊಟ ಕಡಿಮೆಯಾಯಿತಾ, ಕೂತೇ ನಿದ್ದೆ ಮಾಡುತ್ತಾರಾ, ನೋಡಿ. ಡಾಕ್ಟರ ಹತ್ತಿರ ಅವರ ಜೊತೆ ಒಳಗೆ ಹೋಗಿ. ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿ. ತೋಟದ ಲೆಕ್ಕವನ್ನೋ ಹೂ ಬಿಡಿಸುವುದನ್ನೋ ಅವರಿಗೇ ಬಿಡಿ. ಮತ್ತೆ, ನೀವೂ ದಣಿಯುತ್ತೀರಿ. ಅಣ್ಣತಮ್ಮಂದಿರು ಆಸ್ಪತ್ರೆಯ ಓಡಾಟವನ್ನು ದಿನ ಹಂಚಿಕೊಳ್ಳಿ.

ಈ ದಿನಗಳಲ್ಲಿ ಮಾಡಿ ಮುಗಿಸಬೇಕಾದ್ದು ಏನಾದರೂ ಇದೆಯಾ?

ಇದೆ, ಮಾಡುತ್ತಾ ಹೋದರೆ ಕಾಯುವುದೂ ಅಷ್ಟು ಭಾರ ಅನಿಸುವುದಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಹುಳುಕು ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವ್‌ಗೆ ಅಂಟಬಹುದು. ಹೋಗುವಾಗ ಹೃದಯದ ಕಾಯಿಲೆ, ತೆಗೆದುಕೊಳ್ಳುತ್ತಿರುವ ಮಾತ್ರೆ ಎರಡನ್ನೂ ಹೇಳಿ. ಬೀಡಿ, ಸಿಗರೇಟು, ಗುಟ್ಕಾ ಇವತ್ತೇ ಬಿಡಿ. ಮೂರು ಚೆಂಡಿನ ಉಸಿರಾಟದ ಉಪಕರಣವನ್ನು ಕೊಟ್ಟಿದ್ದರೆ, ಹೇಳಿದಷ್ಟು ಸಲ ಎಳೆದು ಅಭ್ಯಾಸ ಮಾಡಿ. ಆಪರೇಷನ್ ಆದ ಮಾರನೇ ದಿನ ಎದೆ ನೋವಿನಲ್ಲಿ ಹೊಸದಾಗಿ ಕಲಿಯುವುದು ಕಷ್ಟ. ರಕ್ತ ಕೊಡುವವರನ್ನು ಗೊತ್ತು ಮಾಡಿಟ್ಟುಕೊಳ್ಳಿ.

ಕಾಗದಪತ್ರದ ಕೆಲಸವೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ಎಂದು ಈಗಲೇ ನೋಡಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ, ಒಪ್ಪಿಗೆ ಎಲ್ಲಿಗೆ ಬಂತು ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕೇಳುತ್ತಿರಿ.

ಕೊನೆಗೂ ಫೋನ್ ಬಂತು. ಈಗ ಬೇಡವೇ ಬೇಡ ಅನಿಸುತ್ತಿದೆ. ಇದೇನಾಯ್ತು ನನಗೆ?

ನನಗೂ ಹೀಗೇ ಆಗಿತ್ತು. ಇಷ್ಟು ದಿನ ಯಾವಾಗ ಎಂದು ಕಾದವಳು, ಫೋನ್ ಇಟ್ಟ ಕೂಡಲೇ ಇನ್ನೊಂದು ತಿಂಗಳು ಬಿಟ್ಟು ಹೋಗೋಣ ಎಂದೆ. ಕಾಯುವಷ್ಟು ದಿನ ಭಯಕ್ಕೆ ಸಿಟ್ಟಿನ ಮರೆ ಇತ್ತು. ತಾರೀಖು ನಿಜವಾದಾಗ ಭಯವೊಂದೇ ಉಳಿಯಿತು. ಇದನ್ನೂ ಹೇಳಿ. ಅರಿವಳಿಕೆ ಡಾಕ್ಟರು ಹಿಂದಿನ ದಿನ ಬಂದು ಮಾತಾಡಿಸುತ್ತಾರೆ, ಅವರಿಗೆ ಇದು ಹೊಸದಲ್ಲ. ರಾತ್ರಿ ನಿದ್ದೆಗೆ ಏನಾದರೂ ಕೊಡಬಹುದು.

ಹೊರಡುವ ಮುಂಚೆ ಒಂದು ಸಲ ಫೋನ್ ಮಾಡಿ ಬೆಡ್ ಇದೆಯಾ ಎಂದು ಕೇಳಿಕೊಳ್ಳಿ. ಬ್ಯಾಗಿಗೆ ಮುಂದೆ ಗುಂಡಿ ಇರುವ ಬಟ್ಟೆ ಹಾಕಿ, ಆಮೇಲೆ ಕೈ ಎತ್ತಿ ಹಾಕಿಕೊಳ್ಳಲು ಆಗುವುದಿಲ್ಲ. ತೂಕ, ದಿಂಬು, ಮಾತ್ರೆ ಬರೆದಿಟ್ಟ ನೋಟ್‌ಬುಕ್ ಮರೆಯಬೇಡಿ. ಅರಿವಳಿಕೆ ಡಾಕ್ಟರು ಬಂದು "ಹೇಗಿದ್ದೀರಾ?" ಎಂದು ಕೇಳುತ್ತಾರೆ. ಶೀತ ಇದ್ದರೆ ಶೀತ ಎನ್ನಿ, ಹಲ್ಲು ಅಲ್ಲಾಡುತ್ತಿದ್ದರೆ ಯಾವ ಹಲ್ಲು ಎಂದು ತೋರಿಸಿ, ಭಯ ಇದ್ದರೆ ಭಯ ಎನ್ನಿ.